ಪಂಚರಂಗಿಯೂ ಪಂಚಮರೂ: ವಿವಿಧ ಭಾರತಿ ಕೇಳಿದ ಕೇರಿಯಿಂದ ಕೆಲವು ಮಾತು

1

ನಮ್ಮ ವಿಮರ್ಶೆ ಇಲ್ಲಿವರೆಗೆ ಪುಸ್ತಕಗಳನ್ನು ಓದಿದೆ, ಕಿವಿಗಳನ್ನು ಓದಿಲ್ಲ. ಯಾರು ಬರೆದರು, ಹೇಗೆ ಬರೆದರು, ಯಾವ ಭಾಷೆಯಲ್ಲಿ ಸಿಟ್ಟು ಮಾಡಿದರು ಎಂಬುದನ್ನು ಚರ್ಚಿಸಿದ್ದೇವೆ. ಆದರೆ ಅಕ್ಷರವೇ ಗೊತ್ತಿಲ್ಲದ ನಮ್ಮ ಅವ್ವ, ಅಪ್ಪ, ಕಾಕಾಗಳು ದಿನಾ ಏನು ಕೇಳಿದರು, ಕೇಳುತ್ತ ಕೇಳುತ್ತ ತಮ್ಮ ಬಗ್ಗೆ ತಾವು ಏನಂದುಕೊಂಡರು ಎಂಬ ಪ್ರಶ್ನೆಯನ್ನು ಸಾಹಿತ್ಯದ ಹೊರಗಿನದೆಂದು ಬದಿಗಿಟ್ಟಿದ್ದೇವೆ. ಕೇರಿಯನ್ನು ಊರ ಹೊರಗೆ ಇಟ್ಟವರ ಮೇಲೆ ಸಿಟ್ಟು ಮಾಡುವ ನಾವು, ಕೇರಿಯ ಕಿವಿಯನ್ನು ವಿಮರ್ಶೆಯ ಹೊರಗೆ ಇಟ್ಟಿದ್ದೇವೆ. ಈ ಬರಹ ಆ ತಪ್ಪನ್ನು ಒಪ್ಪಿಕೊಳ್ಳುವ ಒಂದು ಸಣ್ಣ ಪ್ರಯತ್ನ.

ಒಂದು ಪ್ರಸಂಗದಿಂದ ಶುರು ಮಾಡುತ್ತೇನೆ. 1979ರ ಮಳೆಗಾಲ. ಗೋಕಾಕದಿಂದ ಮೂಡಲಗಿಗೆ ಹೋಗುವ ಹಾದಿಯ ಒಂದು ಊರು. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಚಾದಂಗಡಿ. ಒಳಗೆ ಬೆಂಚು, ಕಪ್ಪು-ಬಸಿ, ಗೋಡೆಗೆ ದೇವರ ಫೋಟೋ, ಫೋಟೋದ ಕೆಳಗೆ ರೇಡಿಯೋ. ಹೊರಗೆ ಗೋಡೆಯ ಗೂಡಿನಲ್ಲಿ ನಮ್ಮ ಸಲುವಾಗಿ ಬೇರೆ ಕಪ್ಪು. ಗಿರಣಿ ಪಾಳಿ ಮುಗಿಸಿ ಬಂದ ನಮ್ಮಣ್ಣ ಹೊರಗೆ ಕುಕ್ಕರಗಾಲಿನಲ್ಲಿ ಕುಂತು ಚಾ ಕುಡಿಯುತ್ತಿದ್ದ. ನಾನು ಮಗ್ಗುಲಿಗೆ ಇದ್ದೆ. ರೇಡಿಯೋದಲ್ಲಿ ವಿವಿಧ ಭಾರತಿಯ ಫರ್ಮಾಯಿಶಿನ ಹೊತ್ತು. ಉದ್ಘೋಷಕಿ ಒಂದೇ ಉಸಿರಿನಲ್ಲಿ ಹೆಸರು ಓದುತ್ತ ಹೋದಳು. ಝುಮರಿ ತಲೈಯಾದ ಐದಾರು ಮಂದಿ, ನಾಗಪುರದ ಇಬ್ಬರು, ಆಮೇಲೆ ‘ಗೋಕಾಕ್ ಸೇ’ ಅಂದು ಒಂದು ಹೆಸರು. ಅದು ನಮ್ಮಣ್ಣನ ಹೆಸರು.

ಊರೊಳಗೆ ಅವನ ಹೆಸರನ್ನು ಯಾರೂ ಪೂರ್ತಿ ಕರೆದವರಲ್ಲ. ಅರ್ಧ ಕಡಿದು ಕೊನೆಗೊಂದು ‘ಯಾ’ ಹಚ್ಚಿ ಕರೆಯುವುದೇ ರೂಢಿ. ದಿಲ್ಲಿ-ಮುಂಬಯಿಯ ಹೆಣ್ಣುಮಗಳೊಬ್ಬಳು ಅದನ್ನು ಒಂದಕ್ಷರವೂ ಮುಕ್ಕಾಗದ ಹಾಗೆ ಓದಿದಳು. ಒಳಗಿದ್ದ ಮಾಲಕ ಖುಷಿಯಿಂದ ಅಂದ: “ಕೇಳ್ರೆಪಾ, ನಮ್ಮ ಗೋಕಾಕದವರು ಯಾರೋ ಕಾರ್ಡ್ ಹಾಕ್ಯಾರ!” ಹಾಕ್ಯಾರ. ಬಹುವಚನ. ಆ ಬಹುವಚನದ ಒಡೆಯ ಹೊರಗೆ ಕುಂತು ಚಾ ಕುಡಿದು, ತನ್ನ ಕಪ್ಪು ತಾನೇ ತೊಳೆದು, ಗೂಡಿನೊಳಗೆ ಬೋರಲು ಹಾಕಿ ಎದ್ದು ನಡೆದ. “ಹೇಳಬೇಕಿಲ್ಲೇನಣ್ಣಾ, ಅದು ನನ್ನ ಹೆಸರs ಅಂತ?” ಅಂದೆ. “ಹೇಳಿದ್ರ ನಾಳಿಂದ ರೇಡಿಯೋ ಬಂದ್ ಮಾಡ್ತಿದ್ದ,” ಅಂದ.

ಈ ಒಂದು ಗಳಿಗೆಯೊಳಗೆ ವಿವಿಧ ಭಾರತಿಯ ಚರಿತ್ರೆ ಪೂರಾ ಇದೆ ಎಂದು ನನಗೆ ಇವತ್ತಿಗೂ ಅನಿಸುತ್ತದೆ. ಕೊಟ್ಟದ್ದು ಏನು, ಕೊಡದೆ ಬಿಟ್ಟದ್ದು ಏನು ಎರಡೂ.

2

ಮೊದಲು ಚರಿತ್ರೆ. ‘ಆಕಾಶವಾಣಿ’ ಎಂಬ ಹೆಸರು ನಮ್ಮ ಕನ್ನಡ ನಾಡಿನದು. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಶುರು ಮಾಡಿದ ಬಾನುಲಿ ಕೇಂದ್ರಕ್ಕೆ ಬಂದ ಹೆಸರು ಅದು. ಮುಂದೆ ದೇಶದ ರೇಡಿಯೋಗೆಲ್ಲ ಅದೇ ನಿಂತಿತು. ಹೆಸರು ಚಂದ. ಆದರೆ ಪುರಾಣದಲ್ಲಿ ಆಕಾಶವಾಣಿ ಎಂದರೆ ಏನು? ಮೇಲಿನಿಂದ ಬರುವ ದನಿ. ಕೆಳಗಿದ್ದವರು ಕೇಳಬೇಕು, ತಿರುಗಿ ಮಾತಾಡುವಂತಿಲ್ಲ. ಕಂಸನಂಥ ರಾಜನಿಗೇ ಅದನ್ನು ಪ್ರಶ್ನೆ ಮಾಡಲು ಆಗಲಿಲ್ಲ. ಇನ್ನು ನಾವ್ಯಾರು? ಹೆಸರಿನೊಳಗೇ ಒಂದು ಸಾಮಾಜಿಕ ಸಂಬಂಧ ಕುಂತಿದೆ.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಈ ಮೇಲಿನ ದನಿಗೆ ಮಡಿ ಉಡಿಸುವ ಕೆಲಸ ನಡೆಯಿತು. ಪ್ರಸಾರ ಖಾತೆ ಸರ್ದಾರ ಪಟೇಲರ ಕೈಯಲ್ಲಿದ್ದಾಗ, ಖಾಸಗಿ ಬದುಕು ಊರಿಗೆಲ್ಲ ಅಪವಾದವಾದಂಥ ಗಾಯಕಿಯರಿಗೆ ರೇಡಿಯೋದ ಬಾಗಿಲು ಮುಚ್ಚಬೇಕೆಂಬ ನಿಲುವು ಬಂತು. ಯಾರವರು? ಕೋಠಿಯವರು, ದೇವದಾಸಿಯರು. ದೇವರ ಹೆಸರಿನಲ್ಲಿ ಅವರನ್ನು ಆ ಬದುಕಿಗೆ ನೂಕಿದವರ ಖಾಸಗಿ ಬದುಕನ್ನು ಯಾರೂ ಕೇಳಲಿಲ್ಲ. 1952ರಿಂದ 1962ರವರೆಗೆ ಮಂತ್ರಿಯಾಗಿದ್ದ ಬಿ.ವಿ. ಕೇಸಕರರು ಇನ್ನೂ ಮುಂದೆ ಹೋದರು. ಜನರ ಅಭಿರುಚಿ ಸುಧಾರಿಸಬೇಕು, ಶಾಸ್ತ್ರೀಯ ಸಂಗೀತ ಕೇಳಿಸಬೇಕು, ಸಿನೆಮಾ ಹಾಡು ಕೀಳು ಎಂದು ಅದನ್ನು ಆಕಾಶವಾಣಿಯಿಂದ ಹೆಚ್ಚುಕಡಿಮೆ ಹೊರಗೆ ಹಾಕಿದರು.

ಜನ ಏನು ಮಾಡಿದರು? ರೇಡಿಯೋದ ಮುಳ್ಳು ತಿರುವಿದರು. 1952ರ ಕೊನೆಗೆ ರೇಡಿಯೋ ಸಿಲೋನಿನಲ್ಲಿ ಶುರುವಾದ ಅಮೀನ್ ಸಯಾನಿಯವರ ‘ಬಿನಾಕಾ ಗೀತಮಾಲಾ’ಕ್ಕೆ ದೇಶವೇ ಕಿವಿಗೊಟ್ಟಿತು. ಮುಳ್ಳು ತಿರುವುವುದೂ ಒಂದು ಬಂಡಾಯ. ಸರಕಾರದ ಶುದ್ಧ ಸಂಗೀತವನ್ನು ಬಿಟ್ಟು ಪರದೇಶದ ಸ್ಟೇಶನ್ ಹಚ್ಚಿದ ಆ ಲಕ್ಷಾಂತರ ಕೈಗಳನ್ನು ಯಾವ ಚಳವಳಿಯ ಇತಿಹಾಸವೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಕೊನೆಗೆ ಸರಕಾರವೇ ಬಗ್ಗಿತು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಹುಟ್ಟಿತು. ಅದಕ್ಕೆ ರೂಪ ಕೊಟ್ಟವರು ಹಿಂದಿ ಕವಿ ಪಂಡಿತ ನರೇಂದ್ರ ಶರ್ಮಾ. ಸಿನೆಮಾ ಹಾಡು, ‘ಹವಾ ಮಹಲ್’ನ ಕಿರುನಾಟಕ, ಜವಾನರಿಗಾಗಿ ‘ಜಯಮಾಲಾ’, ಹಳೆ ಹಾಡಿನ ‘ಭೂಲೇ ಬಿಸ್ರೇ ಗೀತ್’. 1967ರ ನವೆಂಬರಿನಿಂದ ಮುಂಬಯಿ-ಪುಣೆ-ನಾಗಪುರದಲ್ಲಿ ಜಾಹೀರಾತೂ ಸೇರಿತು. ತನ್ನನ್ನು ತಾನು ಅದು ‘ಪಂಚರಂಗಿ ಕಾರ್ಯಕ್ರಮ’ ಎಂದು ಕರೆದುಕೊಂಡಿತು.

ಇನ್ನೊಂದು ತಾರೀಖು ಇಲ್ಲಿ ನೆನಪಾಗುತ್ತದೆ. 1954ರ ಅಕ್ಟೋಬರ್ 3. ವಿವಿಧ ಭಾರತಿ ಹುಟ್ಟುವುದಕ್ಕೆ ಸರಿಯಾಗಿ ಮೂರು ವರ್ಷ ಮೊದಲು, ಅದೇ ದಿನ, ಬಾಬಾಸಾಹೇಬರು ಆಕಾಶವಾಣಿಯಲ್ಲಿ ತಮ್ಮ ಜೀವನದರ್ಶನದ ಬಗ್ಗೆ ಮಾತಾಡಿದರು. ಸ್ವಾತಂತ್ರ್ಯ, ಸಮಾನತೆ, ಬಂಧುತ್ವ ಎಂಬ ಮೂರು ಮಾತುಗಳನ್ನು ತಾವು ಫ್ರೆಂಚ್ ಕ್ರಾಂತಿಯಿಂದಲ್ಲ, ಬುದ್ಧನಿಂದ ಪಡೆದದ್ದೆಂದು ಅಲ್ಲಿ ಹೇಳಿದರು. ಎರಡೂ ಅಕ್ಟೋಬರ್ ಮೂರು. ಒಂದರಲ್ಲಿ ನಮ್ಮವನೊಬ್ಬ ಮಾತಾಡಿದ. ಇನ್ನೊಂದರಿಂದ ನಾವು ಕೇಳುತ್ತಲೇ ಇದ್ದೇವೆ.

3

ಕೇರಿಗೆ ರೇಡಿಯೋ ಬಂದದ್ದು ಹೇಗೆ? ಮೊದಲು ಬಂದದ್ದು ಊರಿಗೆ. ಪಂಚಾಯ್ತಿಯ ರೇಡಿಯೋ ಚಾವಡಿಯಲ್ಲಿ. ಚಾವಡಿಕಟ್ಟೆಯ ಮೇಲೆ ಕೂಡುವವರು ಕೂಡುತ್ತಿದ್ದರು, ನಮ್ಮವರು ಬೇವಿನ ಗಿಡದ ಹತ್ತಿರ ನಿಂತು ಕೇಳುತ್ತಿದ್ದರು. ಆದರೆ ದನಿಗೆ ಒಂದು ಗುಣ ಇದೆ. ನೀರನ್ನು ಹಗ್ಗ-ಕೊಡದಲ್ಲಿ ತಡೆಯಬಹುದು, ದೇವರನ್ನು ಬಾಗಿಲು ಹಾಕಿ ತಡೆಯಬಹುದು. ದನಿ ಕಟ್ಟೆ ಇಳಿದು ಬೇವಿನ ಗಿಡ ದಾಟಿ ಬಂದುಬಿಡುತ್ತದೆ. ಡಬ್ಬಿಯನ್ನು ಮುಟ್ಟಬಾರದು ಅನ್ನಬಹುದು. ಅದರ ದನಿ ನಮ್ಮನ್ನು ಮುಟ್ಟದ ಹಾಗೆ ಮಾಡುವುದು ಯಾವ ಶಾಸ್ತ್ರಕ್ಕೂ ಆಗಲಿಲ್ಲ.

ಆಮೇಲೆ ಟ್ರಾನ್ಸಿಸ್ಟರ್ ಬಂತು. ಅದಕ್ಕೆ ಲೈಟಿನ ಕಂಬ ಬೇಡ, ಸೆಲ್ ಇದ್ದರೆ ಸಾಕು. ಹುಕ್ಕೇರಿಯಲ್ಲಿ 1969ರಲ್ಲೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕಟ್ಟಿಕೊಂಡು ಹಳ್ಳಿಗಳಿಗೆ ಕರೆಂಟು ಒಯ್ಯುವ ದೊಡ್ಡ ಪ್ರಯೋಗ ಶುರುವಾಗಿತ್ತು. ನಮ್ಮ ಓಣಿಯ ಮಾತು ಬೇರೆ. ಅಲ್ಲಿ ಬೆಳಕಿಗಿಂತ ಮೊದಲು ದನಿ ಬಂತು. ಚಿಮಣಿ ಬುಡ್ಡಿಯ ಬೆಳಕಿನಲ್ಲಿ ಲತಾ, ರಫಿ, ಮುಕೇಶ. ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ರೊಕ್ಕ ಕಟ್ಟಿ ಲೈಸನ್ಸ್ ಪುಸ್ತಕಕ್ಕೆ ತಿಕೀಟು ಹಚ್ಚಿಸಿಕೊಳ್ಳಬೇಕಿದ್ದ ಕಾಲ ಅದು. ನಮ್ಮ ಮನೆಯಲ್ಲಿ ಸರಕಾರದ ಸಿಕ್ಕೆ ಬಿದ್ದ ಮೊದಲ ಪುಸ್ತಕ ಅದೇ. ಅಣ್ಣ ಅದನ್ನು ಟ್ರಂಕಿನಲ್ಲಿ ಇಟ್ಟು ಕೀಲಿ ಹಾಕುತ್ತಿದ್ದ.

ಗೋಕಾಕ ಫಾಲ್ಸಿನ ಗಿರಣಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಘಟಪ್ರಭೆಯ ನೀರಿನ ಬಲದಿಂದ ಶುರುವಾದದ್ದು. ಗಿರಣಿ ಅಂದರೆ ಪಾಳಿ, ಪಾಳಿ ಅಂದರೆ ಪಗಾರ, ಪಗಾರ ಅಂದರೆ ಒಕ್ಕಲುತನದ ಜೀತದಿಂದ ಒಂದು ಕಾಲು ಹೊರಗೆ. ಟ್ರಾನ್ಸಿಸ್ಟರ್ ಬಂದದ್ದು ಆ ಹೊರಗಿಟ್ಟ ಕಾಲಿನ ದುಡಿಮೆಯಿಂದ. ಫರ್ಮಾಯಿಶಿ ಪತ್ರಗಳಿಗೆ ಹೆಸರಾದ ಝುಮರಿ ತಲೈಯಾ ಕೂಡ ಅಭ್ರಕದ ಗಣಿಗಳ ದುಡಿಮೆಗಾರರ ಊರು. ದೇಶದ ನಕಾಶೆಯಲ್ಲಿ ಯಾರೂ ಹುಡುಕದ ಇಂಥ ಊರುಗಳು ತಮ್ಮನ್ನು ತಾವೇ ಒಂದು ಕಾರ್ಡಿನ ಮೇಲೆ ಬರೆದು ಆಕಾಶಕ್ಕೆ ಕಳಿಸಿದವು. ಹದಿನೈದು ಪೈಸೆಯ ಕಾರ್ಡು. ನಮ್ಮಣ್ಣನಿಗೆ ಹಿಂದಿ ಬರೆಯಲು ಬರುತ್ತಿರಲಿಲ್ಲ. ಸಾಲೆಯ ಹುಡುಗನಾದ ನಾನು ಬರೆದುಕೊಡುತ್ತಿದ್ದೆ. ನಾನು ಬರೆದ ಮೊದಲ ಸಾಹಿತ್ಯ ಅದು.

4

ಈಗ ಜಗಳದ ಮಾತು. ಮೊದಲ ಜಗಳ ನಮ್ಮೊಳಗಿನದೇ.

ಎಂಬತ್ತರ ದಶಕದಲ್ಲಿ ನಾನು ಧಾರವಾಡಕ್ಕೆ ಓದಲು ಹೋದೆ. ಚಳವಳಿಯ ಬಿಸಿ. ದಲಿತ ಸಂಘರ್ಷ ಸಮಿತಿಯ ಶಿಬಿರ, ಬಾಬಾಸಾಹೇಬರ ಪುಸ್ತಕ, ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’. ರಜೆಗೆ ಊರಿಗೆ ಬಂದಾಗ ಅಣ್ಣ ಅದೇ ರೇಡಿಯೋ ಹಚ್ಚಿಕೊಂಡು ಕುಂತಿದ್ದ. ನಾನು ಭಾಷಣ ಮಾಡಿದೆ. ಅಣ್ಣಾ, ಇದು ಅಫೀಮು, ಬಂಡವಾಳಗಾರರ ಕನಸು, ನಮ್ಮ ಸಿಟ್ಟನ್ನು ಮಲಗಿಸುವ ಜೋಗುಳ. ಅಣ್ಣ ರೇಡಿಯೋದ ದನಿ ಸ್ವಲ್ಪ ಇಳಿಸಿದ. “ತಮ್ಮಾ, ನೀ ಓದಿದಾಂವ. ನೀ ಹೇಳೂದು ಖರೇನ ಇರಬಹುದು. ಆದ್ರ ಈ ಡಬ್ಬಿ ಒಂದು ದಿನಾನೂ ನನಗ ‘ದೂರ ನಿಂದರ’ ಅಂದಿಲ್ಲ ನೋಡು.” ಮತ್ತೆ ದನಿ ಏರಿಸಿದ.

ಅಂದು ನನಗೆ ಅದು ಅಜ್ಞಾನ ಅನಿಸಿತು. ಇಂದು ಅದು ವಿಮರ್ಶೆ ಅನಿಸುತ್ತದೆ. ನಾನು ಆಡಿದ ಮಾತಿನಲ್ಲಿ ಮಾರ್ಕ್ಸ್‌ನ ಪದಗಳಿದ್ದವು, ಆದರೆ ಒಳಗೆ ಕುಂತು ಮಾತಾಡಿಸಿದವರು ಕೇಸಕರರು. ಜನರ ರುಚಿ ಕೀಳು, ಅದನ್ನು ತಿದ್ದಬೇಕು, ತಿದ್ದುವವರು ಓದಿದವರು. ಮೇಲುಜಾತಿಯ ಅಭಿರುಚಿವಂತರೂ ಚಳವಳಿಯ ನಾವೂ ಈ ಒಂದು ವಿಷಯದಲ್ಲಿ ಕೈ ಕೈ ಹಿಡಿದಿದ್ದೆವು. ಅವರಿಗೆ ಸಿನೆಮಾ ಹಾಡು ಅಶುದ್ಧ, ನಮಗೆ ಅದು ಅಪ್ರಗತಿಪರ. ಕೇಳುವವನನ್ನು ಇಬ್ಬರೂ ಕೇಳಲಿಲ್ಲ.

ಶಾಸ್ತ್ರೀಯ ಸಂಗೀತಕ್ಕೆ ಘರಾಣೆ ಇದೆ, ಗುರು ಇದ್ದಾನೆ, ಬಾಗಿಲು ಇದೆ. ಭಾವಗೀತೆಗೆ ಕಾಲೇಜಿನ ಕನ್ನಡ ಇದೆ. ಸಿನೆಮಾ ಹಾಡಿಗೆ ಮಾತ್ರ ಗುರುತು ಕೇಳುವ ಬಾಗಿಲಿಲ್ಲ. ನಾಲ್ಕು ಕಡೆಯಿಂದ ಕದ್ದು ಕೂಡಿಸಿದ ಅದರ ವಾದ್ಯಮೇಳದಲ್ಲಿ ಗೋವೆಯ ಕ್ರಿಸ್ತುವರ ಪಿಟೀಲು, ಪಂಜಾಬದ ಢೋಲಕ, ಉರ್ದುವಿನ ಮಾತು. ಕುಲ ಕೆಟ್ಟ ಸಂಗೀತ ಅದು. ಕುಲ ಕೆಟ್ಟದ್ದಕ್ಕೇ ನಮ್ಮ ಮನೆಗೆ ಬಂತು.

ಇನ್ನೊಂದು ಸಂಗತಿ ನಮಗೆ ಬಹಳ ತಡವಾಗಿ ತಿಳಿಯಿತು. ಅಣ್ಣ ಬೇಡಿ ಕೇಳುತ್ತಿದ್ದ ಹಾಡುಗಳಲ್ಲಿ ಹೆಚ್ಚಿನವು ಮುಕೇಶ ಹಾಡಿದವು, ಬರೆದವರು ಶೈಲೇಂದ್ರ. ‘ಆವಾರಾ’ (1951), ‘ಶ್ರೀ 420’ (1955), ‘ಗೈಡ್’ (1965) ಚಿತ್ರಗಳ ಗೀತಕಾರ. ಮುಂಬಯಿಯ ಮಾಟುಂಗಾದ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿಯುತ್ತಿದ್ದವರು, ಇಪ್ಟಾದ ಸಭೆಗಳಲ್ಲಿ ಕವಿತೆ ಓದುತ್ತಿದ್ದವರು. 1923ರಲ್ಲಿ ಹುಟ್ಟಿದ ಆ ಮನುಷ್ಯ, ನೌಟಂಕಿಯ ಹೆಣ್ಣೊಬ್ಬಳ ಮರ್ಯಾದೆಯ ಕಥೆಯಾದ ‘ತೀಸ್ರೀ ಕಸಂ’ ಚಿತ್ರವನ್ನು ನಿರ್ಮಿಸಿ, ಅದು ತೆರೆಕಂಡ 1966ರಲ್ಲೇ ತೀರಿಕೊಂಡರು. ಅವರು ಬಿಹಾರ ಮೂಲದ ದಲಿತ ಮನೆತನದವರೆಂಬುದು ಜಗತ್ತಿಗೆಲ್ಲ ಗೊತ್ತಾದದ್ದು 2010ರ ದಶಕದಲ್ಲಿ, ಅವರ ಮಗ ಅದನ್ನು ಬರೆದ ಮೇಲೆ. ವಿವಿಧ ಭಾರತಿ ಪ್ರತಿ ಹಾಡಿನ ಜೊತೆಗೆ ಗೀತಕಾರರ ಹೆಸರು ಹೇಳುತ್ತಿತ್ತು. ಹೀಗಾಗಿ ವರ್ಷಗಟ್ಟಲೆ, ದಿನಕ್ಕೆ ಹಲವು ಬಾರಿ, ಒಬ್ಬ ದಲಿತ ಕವಿಯ ಹೆಸರು ದೇಶದ ಎಲ್ಲ ಅಗ್ರಹಾರಗಳಲ್ಲೂ ಕೇಳಿಸುತ್ತಿತ್ತು. ಅಗ್ರಹಾರಕ್ಕೂ ಗೊತ್ತಿರಲಿಲ್ಲ, ಕೇರಿಗೂ ಗೊತ್ತಿರಲಿಲ್ಲ. ನಾನು ಅಫೀಮು ಎಂದು ಬೈದದ್ದು ನಮ್ಮವನದೇ ಹಾಡನ್ನು.

ಇದರಲ್ಲಿ ಹೆಮ್ಮೆ ಎಷ್ಟಿದೆಯೋ ಅಷ್ಟೇ ನೋವೂ ಇದೆ. ಅಣ್ಣನ ಹೆಸರು ಚಾದಂಗಡಿಯೊಳಗೆ ಹೋದದ್ದೂ ಶೈಲೇಂದ್ರರ ಹೆಸರು ಮನೆಮನೆಗೆ ಹೋದದ್ದೂ ಒಂದೇ ಕರಾರಿನ ಮೇಲೆ: ಜಾತಿ ಗೊತ್ತಾಗಬಾರದು.

5

ಎರಡನೇ ಜಗಳ, ಹಳೆಯ ದಿನಗಳ ಗುಂಗಿನಲ್ಲಿ ಇರುವವರ ಜೊತೆ. ವಿವಿಧ ಭಾರತಿ ಅಂದರೆ ಸರ್ವರ ಮನೆಯ ದನಿ, ಜಾತಿ-ಮತ ಮೀರಿದ ದನಿ ಎಂದು ಕಣ್ಣು ತುಂಬಿಕೊಂಡು ಬರೆಯುವವರು ಈಗ ಬಹಳ ಮಂದಿ. ಹಾಗಾದರೆ ಕೇಳುತ್ತೇನೆ: ಆ ಐದು ಬಣ್ಣಗಳಲ್ಲಿ ನಮ್ಮದು ಯಾವುದು?

ನಮ್ಮ ಗೋಕಾಕ-ಮೂಡಲಗಿ-ಹುಕ್ಕೇರಿ ಸೀಮೆ ಸದ್ದಿಲ್ಲದ ಸೀಮೆಯಲ್ಲ. ಶ್ರೀಕೃಷ್ಣ ಪಾರಿಜಾತ ಇಲ್ಲಿಯ ಆಟ. ಕುಲಗೋಡ ತಮ್ಮಣ್ಣ ಅದಕ್ಕೆ ರಂಗದ ರೂಪ ಕೊಟ್ಟ, ಕೌಜಲಗಿ ನಿಂಗಮ್ಮನಂಥ ಕಲಾವಿದೆ ಅದನ್ನು ಹಾಡಿ ನಾಡಿಗೆಲ್ಲ ಹೆಸರಾದಳು. ದೇವರ ಹೆಂಡರ ಜಗಳವನ್ನು ಊರ ಹೆಂಗಸರ ಜಗಳದ ಮಾತಿನಲ್ಲಿ ಆಡಿಸಿ, ನಡುವೆ ಗೊಲ್ಲತಿ-ಕೊರವಂಜಿಯರನ್ನು ತಂದು ನಿಲ್ಲಿಸುವ ಆಟ. ಸಣ್ಣಾಟ, ರಾಧಾನಾಟ, ಗೀಗೀ ಪದ, ಎಲ್ಲಮ್ಮನ ಜೋಗತಿಯರ ಚೌಡಕಿ ಪದ, ಹಲಗಿ ಮೇಳ, ಸನಾದಿ. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ಇಂಥ ಆಟ ಕೇಳುತ್ತ ಬೆಳೆದ ಚಂದ್ರಶೇಖರ ಕಂಬಾರರು ಅದರಿಂದಲೇ ನಾಟಕ ಕಟ್ಟಿದರು, 2010ರ ಸಾಲಿನ ಜ್ಞಾನಪೀಠ ಪಡೆದರು. ಅಂದರೆ ಸತ್ವದ ಕೊರತೆ ಇರಲಿಲ್ಲ.

ಆದರೆ ಆಕಾಶವಾಣಿಗೆ ದನಿಗಳದೇ ಒಂದು ವರ್ಣವ್ಯವಸ್ಥೆ ಇತ್ತು. ಮೇಲೆ ಶಾಸ್ತ್ರೀಯ. ಅದರ ಕೆಳಗೆ, ಸಿನೆಮಾ ಹಾಡಿಗೆ ಬದಲಿಯಾಗಿ ಐವತ್ತರ ದಶಕದಲ್ಲಿ ಬೆಳೆಸಿದ ಸುಗಮ ಸಂಗೀತ. ಅದರ ಕೆಳಗೆ ಜಾನಪದ. ಹೊರಗೆ ಸಿನೆಮಾ, ಅದಕ್ಕಾಗಿ ಬೇರೆ ಕೇರಿ ಕಟ್ಟಿದ ಹಾಗೆ ವಿವಿಧ ಭಾರತಿ. ಪ್ರತಿ ಮನೆಗೂ ಅದರದರ ಧ್ವನಿಪರೀಕ್ಷೆ, ಅದರದರ ಗ್ರೇಡು. 1940ರ ಮಾರ್ಚಿನಲ್ಲಿ ಆಕಾಶವಾಣಿ ಹಾರ್ಮೋನಿಯಮ್ಮನ್ನು ನಿಷೇಧಿಸಿತು. ಮೂವತ್ತು ವರ್ಷದ ಮೇಲೆ, 1971ರಲ್ಲಿ, ನಿಷೇಧ ಸಡಿಲಾಯಿತು. ಶ್ರುತಿಯ ಸೂಕ್ಷ್ಮ ಅದಕ್ಕೆ ಬರುವುದಿಲ್ಲ ಎಂಬುದು ಪಂಡಿತರ ಕಾರಣ. ಇರಲಿ. ಆದರೆ ನಮ್ಮ ಕಡೆ ಪಾರಿಜಾತ, ಸಣ್ಣಾಟ, ಕಂಪನಿ ನಾಟಕ ಯಾವುದೂ ಪೇಟಿ ಇಲ್ಲದೆ ಏಳುವುದಿಲ್ಲ. ಪೇಟಿಯನ್ನು ಹೊಸ್ತಿಲ ಹೊರಗೆ ಇಟ್ಟು ಬಾ ಎಂದರೆ, ಆಟವನ್ನೇ ಹೊರಗೆ ಇಟ್ಟು ಬಾ ಎಂದ ಹಾಗೆ. ಇಡೀ ರಾತ್ರಿಯ ಆಟವನ್ನು ಹದಿನೈದು ನಿಮಿಷಕ್ಕೆ ಕೊಯ್ದು ಕೊಡು ಎಂದರೆ, ಉಳಿಯುವುದು ಪಾರಿಜಾತದ ಗಿಡವಲ್ಲ, ಒಣಗಿದ ಹೂ.

ನ್ಯಾಯವಾದ ಮಾತನ್ನೂ ಹೇಳಬೇಕು. 1950ರ ಜನವರಿಯಲ್ಲಿ ಶುರುವಾದ ಧಾರವಾಡ ಆಕಾಶವಾಣಿ ನಮ್ಮ ಭಾಗದ ಕನ್ನಡಕ್ಕೆ ಕಿವಿ ಕೊಟ್ಟಿತು. ಮುರಗೋಡದ ಹುಕ್ಕೇರಿ ಬಾಳಪ್ಪನವರು ಲಾವಣಿಯನ್ನೂ ಬೇಂದ್ರೆಯವರನ್ನೂ ಒಂದೇ ಗಂಟಲಿನಲ್ಲಿ ಹಾಡಿದರು. ‘ಹುಕ್ಕೇರಿ’ ಎಂಬ ಹೆಸರು ನಾಡಿನ ಕಿವಿಗೆ ಬಿದ್ದದ್ದು ಹೆಚ್ಚಾಗಿ ಅವರಿಂದ. ಗಂಗೂಬಾಯಿ ಹಾನಗಲ್ಲರ ದನಿ ಮುಂಬಯಿ ರೇಡಿಯೋದಿಂದಲೂ ಬಂತು, ಧಾರವಾಡದಿಂದಲೂ ಬಂತು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧಿಯವರ ಮುಂದೆ ಸ್ವಾಗತಗೀತೆ ಹಾಡಿದ ಹುಡುಗಿ ಆಕೆ. ಹಾಡಿದ ಸಂಭ್ರಮಕ್ಕಿಂತ, ಊಟವಾದ ಮೇಲೆ ಎಂಜಲೆಲೆ ತೆಗೆಯಲು ಹಚ್ಚುತ್ತಾರೇನೋ ಎಂಬ ಅಂಜಿಕೆ ತಮಗಿತ್ತೆಂದು ಆಕೆ ಮುಂದೆ ನೆನಪಿಸಿಕೊಂಡರು. ದೇಶದ ಮುಂದೆ ಹಾಡುವ ದನಿ, ಎಂಜಲೆಲೆಗೆ ಅಂಜುವ ಜೀವ. ಎರಡೂ ಒಂದೇ ಮೈಯಲ್ಲಿ. ನಮ್ಮ ಸಂಗೀತ ಚರಿತ್ರೆಗಳು ಮೊದಲನೆಯದನ್ನು ಎಷ್ಟೋ ಬಾರಿ ಬರೆದಿವೆ.

ಸನಾದಿಯ ಉದಾಹರಣೆ ಇನ್ನೂ ಸ್ಪಷ್ಟ. ಗೋಕಾಕದಲ್ಲಿ ನೆಲೆಸಿ ಬರೆದ ಕೃಷ್ಣಮೂರ್ತಿ ಪುರಾಣಿಕರ ಕೃತಿಯಿಂದ 1977ರಲ್ಲಿ ‘ಸನಾದಿ ಅಪ್ಪಣ್ಣ’ ಸಿನೆಮಾ ಬಂತು. ಅಪ್ಪಣ್ಣನಾಗಿ ರಾಜಕುಮಾರ್, ಅವರ ಸನಾದಿಗೆ ಉಸಿರು ಕೊಟ್ಟದ್ದು ಉಸ್ತಾದ್ ಬಿಸ್ಮಿಲ್ಲಾ ಖಾನರು. ಹಾಡುಗಳು ರೇಡಿಯೋದಲ್ಲಿ ಮೊಳಗಿದವು. ನಾವೆಲ್ಲ ಕುಣಿದಾಡಿದೆವು. ಉಸ್ತಾದರ ಬಗ್ಗೆ ನನಗೆ ಕೈಮುಗಿಯುವ ಗೌರವ ಇದೆ; ಅವರೂ ಬಾರಿಸುವವರ ಮನೆತನದಿಂದಲೇ ಬಂದವರು. ಆದರೆ ಸನಾದಿ ಊದುವವನ ಕಥೆ ನಮ್ಮದು, ಊರು ನಮ್ಮದು, ಉಸಿರು ಮಾತ್ರ ಬೇರೆ ಕಡೆಯಿಂದ ತರಬೇಕಾಯಿತು. ಆ ಹಾಡು ರೇಡಿಯೋದಲ್ಲಿ ಬರುವ ಹೊತ್ತಿಗೆ ನಮ್ಮ ಊರಿನ ಭಜಂತ್ರಿ ಮದುವೆ ಹಂದರದ ಹೊರಗೆ ನಿಂತು ಅದೇ ಹಾಡನ್ನು ಕೇಳಿ ಕಲಿತು ಊದುತ್ತಿದ್ದ. ಅವನಿಂದ ಹೋದದ್ದು ಅವನಿಗೇ ಪಾಠವಾಗಿ ತಿರುಗಿ ಬಂತು.

ಸೈನಿಕರ ‘ಜಯಮಾಲಾ’ದ ಬಗ್ಗೆಯೂ ಒಂದು ಮಾತು. ನಮ್ಮ ಕೇರಿಯ ಮುದುಕರು ಅದನ್ನು ತಪ್ಪದೆ ಕೇಳುತ್ತಿದ್ದರು. ಕಾರಣ ಇತ್ತು. 1941ರ ಅಕ್ಟೋಬರಿನಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬಟಾಲಿಯನ್ ಕಟ್ಟಿದ್ದು ಬೆಳಗಾವಿಯಲ್ಲೇ. ಅದಕ್ಕಾಗಿ ಹಟ ಹಿಡಿದವರಲ್ಲಿ ಬಾಬಾಸಾಹೇಬರು ಮುಖ್ಯರು. ರೇಡಿಯೋದಲ್ಲಿ ನಾಯಕ್, ಹವಾಲ್ದಾರ್ ಎಂದು ದರ್ಜೆಯ ಜೊತೆ ಹೆಸರು ಬಂದರೆ ಮುದುಕರು ಬೆನ್ನು ನೆಟ್ಟಗೆ ಮಾಡಿ ಕೂಡುತ್ತಿದ್ದರು. ಗಡಿಯಲ್ಲಿ ಹವಾಲ್ದಾರ, ರಜೆಗೆ ಬಂದರೆ ಅದೇ ಗೂಡಿನ ಕಪ್ಪು. ರೇಡಿಯೋ ಗಡಿಯಿಂದ ಊರ ಅಗಸಿಯವರೆಗೆ ಮರ್ಯಾದೆ ತಂದು ಮುಟ್ಟಿಸಿತು. ಅಗಸಿಯೊಳಗೆ ಅದನ್ನು ಒಯ್ಯಲು ಅದಕ್ಕೆ ಆಗಲಿಲ್ಲ.

6

‘ಹಗುರ’ ಮನರಂಜನೆ ಅನ್ನುತ್ತಾರೆ. ಯಾವುದು ಹಗುರ? 1976ರಲ್ಲಿ, ತುರ್ತುಪರಿಸ್ಥಿತಿಯಲ್ಲಿ, ಸರಕಾರ ಹೇಳಿದಂತೆ ಹಾಡಲು ಒಪ್ಪದ ಕಿಶೋರಕುಮಾರರ ಹಾಡುಗಳನ್ನು ಆಕಾಶವಾಣಿ, ವಿವಿಧ ಭಾರತಿ ಎರಡರಿಂದಲೂ ತೆಗೆದುಹಾಕಿದರು. ಹಗುರವಾದದ್ದಕ್ಕೆ ಯಾರೂ ಅಷ್ಟು ಅಂಜುವುದಿಲ್ಲ. ಹಾಡನ್ನು ಕೊಡುವ, ಹಾಡನ್ನು ಕಸಿದುಕೊಳ್ಳುವ ಅಧಿಕಾರ ಯಾವಾಗಲೂ ಭಾರವಾದದ್ದೇ.

ದಲಿತ ವಿಮರ್ಶೆ ಇಲ್ಲಿ ಎರಡು ಸುಲಭದ ಹಾದಿಗಳನ್ನು ಬಿಡಬೇಕು. ಸಿನೆಮಾ ಹಾಡು ಕೇಳಿದ ಜನ ಮೋಸ ಹೋದರು ಎಂಬುದು ಒಂದು. ರೇಡಿಯೋ ಎಲ್ಲರನ್ನೂ ಸಮ ಮಾಡಿತು ಎಂಬುದು ಇನ್ನೊಂದು. ಕೇಳುವ ಹಕ್ಕು ಬೇರೆ, ಕೇಳಿಸುವ ಹಕ್ಕು ಬೇರೆ. ವಿವಿಧ ಭಾರತಿ ಮೊದಲನೆಯದನ್ನು ಕೊಟ್ಟಿತು, ಅದೂ ಧಾರಾಳವಾಗಿ. ಅದಕ್ಕೆ ಕೇರಿ ಋಣಿ. ಎರಡನೆಯದನ್ನು ಕೇಳಬಹುದು ಎಂಬ ಅರಿವೇ ನಮಗೆ ಬಹಳ ದಿನ ಬರಲಿಲ್ಲ. ಬಂದಾಗ ನಾವು ರೇಡಿಯೋದ ಹತ್ತಿರ ಹೋಗಲಿಲ್ಲ, ಕ್ಯಾಸೆಟ್ಟಿನ ಹತ್ತಿರ ಹೋದೆವು. ಎಂಬತ್ತರ ದಶಕದಲ್ಲಿ ಏಪ್ರಿಲ್ ಹದಿನಾಲ್ಕರಂದು ನಮ್ಮ ಓಣಿಗಳಲ್ಲಿ ಮೊಳಗಿದ ಮರಾಠಿ, ಕನ್ನಡ ಭೀಮಗೀತೆಗಳು ಕ್ಯಾಸೆಟ್ಟಿನಿಂದ ಬಂದವು. ಕ್ಯಾಸೆಟ್ಟಿಗೆ ಧ್ವನಿಪರೀಕ್ಷೆ ಇರಲಿಲ್ಲ.

1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಒಂದು ಮಾತು ಹೇಳಿತು: ಗಾಳಿಯ ತರಂಗಗಳು ಸಾರ್ವಜನಿಕ ಆಸ್ತಿ. ಅದನ್ನು ಓದಿದಾಗ ನನಗೆ ನೆನಪಾದದ್ದು 1927ರ ಮಹಾಡ. ಚವದಾರ ಕೆರೆಯೂ ಸಾರ್ವಜನಿಕ ಆಸ್ತಿಯೇ ಆಗಿತ್ತು, ಕಾಗದದ ಮೇಲೆ. ಕಾಗದದಿಂದ ಬೊಗಸೆಗೆ ನೀರು ಬರಲು ಬಾಬಾಸಾಹೇಬರು ನಡೆದುಕೊಂಡು ಹೋಗಿ ಇಳಿಯಬೇಕಾಯಿತು. ತರಂಗಗಳ ಕೆರೆಗೆ ಇಳಿದವರೂ ಇದ್ದಾರೆ. ನಮ್ಮ ಬೀದರಿನ ಗಡಿಗೆ ಹತ್ತಿರ, ಜಹೀರಾಬಾದ್ ಬದಿಯ ಮಾಚನೂರಿನಲ್ಲಿ ದಲಿತ ಹೆಣ್ಣುಮಕ್ಕಳು 2008ರಿಂದ ‘ಸಂಘಂ ರೇಡಿಯೋ’ ನಡೆಸಿದ್ದಾರೆ. ಬೀಜದ ಮಾತು, ಹೊಲದ ಹಾಡು, ತಮ್ಮದೇ ತೆಲುಗು. ಅವರು ಯಾವ ಪರೀಕ್ಷೆಗೂ ಹೋಗಿ ನಿಲ್ಲಲಿಲ್ಲ. ತಾವೇ ಮೈಕಿನ ಮುಂದೆ ಕುಂತರು.

ಈಗ ಮೂಡಲಗಿಯೇ ಬೇರೆ ತಾಲೂಕು. ಚಾದಂಗಡಿಯ ಗೂಡು ಮುಚ್ಚಿ ಸುಣ್ಣ ಹೊಡೆದಿದ್ದಾರೆ, ಕಾಗದದ ಕಪ್ಪು ಬಂದಿವೆ. ವಿವಿಧ ಭಾರತಿ ಎಫ್‌ಎಂನಲ್ಲೂ ಮೊಬೈಲಿನಲ್ಲೂ ಬರುತ್ತದೆ. ಅಣ್ಣ ಈಗಲೂ ಕೇಳುತ್ತಾನೆ. ಕಿವಿ ಸ್ವಲ್ಪ ಮಂದ. ಹೋದ ದೀಪಾವಳಿಗೆ ಹೋದಾಗ ಆ ಸಂಘಂ ರೇಡಿಯೋದ ಸುದ್ದಿ ಹೇಳಿದೆ, ನಮ್ಮಂಥ ಹೆಣ್ಣುಮಕ್ಕಳೇ ನಡೆಸುತ್ತಾರೆ ಅಂತ. ಸುಮ್ಮನೆ ಕೇಳಿದ. ಆಮೇಲೆ ಅಂದ:

“ಹಂಗಾರ ಅಲ್ಲಿ ಕಾರ್ಡಿನ ಮ್ಯಾಲ ನಮ್ಮ ಅಡ್ಡಹೆಸರೂ ಬರದು ಹಾಕಬಹುದಲ್ಲಾ ತಮ್ಮಾ?”

ನಲವತ್ತು ವರ್ಷದ ಹಿಂದೆ ನಾನು ಬರೆದುಕೊಟ್ಟ ಕಾರ್ಡುಗಳಲ್ಲಿ ಅಡ್ಡಹೆಸರು ಇರಲಿಲ್ಲ. ಬಿಡು ಎಂದು ಅಣ್ಣ ಹೇಳಿರಲಿಲ್ಲ. ಬಿಟ್ಟವನು ನಾನು.